ಹಳೆಯ ಕಾರಿನ ಚಕ್ರಗಳನ್ನು ಟೈರ್ ಅಂಗಡಿಯಲ್ಲಿ ಹಾಳಾಗದಂತೆ ಕಾಯುವುದು: ಸಮಗ್ರ ಮಾರ್ಗದರ್ಶಿ

ಹಳೆಯ ಕಾರಿನ ಟೈರ್ ಸವೆದರೆ ಹೊಸದನ್ನು ತಂದು ಹಾಕಬಹುದು; ಚಕ್ರ ಹಾಳಾದರೆ ಅದೇ ಅಳತೆಯ, ಅದೇ ಮಾದರಿಯ ಇನ್ನೊಂದನ್ನು ಹುಡುಕುವುದರಲ್ಲಿ ತಿಂಗಳುಗಳೇ ಉರುಳುತ್ತವೆ, ಕೊನೆಗೂ ಸಿಗದೆ ಹೋಗಬಹುದು. ಐವತ್ತು ಅರವತ್ತು ವರ್ಷ ರಸ್ತೆಯ ಗುಂಡಿಗಳನ್ನು ತಾಳಿಕೊಂಡು ಬಂದ ಚಕ್ರ ಟೈರ್ ಅಂಗಡಿಯ ಹತ್ತು ನಿಮಿಷದ ಕೆಲಸದಲ್ಲಿ ಹಾಳಾಗುವುದುಂಟು. ಇದಕ್ಕೆ ಕೆಲಸಗಾರರ ಉದಾಸೀನವೊಂದೇ ಕಾರಣವೆಂದರೆ ಅನ್ಯಾಯವಾದೀತು. ಅವರ ಯಂತ್ರಗಳೂ ಅಭ್ಯಾಸಗಳೂ ಇಂದಿನ ಚಕ್ರಕ್ಕಾಗಿ ಹೊಂದಿಕೊಂಡಿವೆ. ನಡುವೆ ಅಗಲವಾದ ತೂತು, ಟ್ಯೂಬ್ ಇಲ್ಲದ ಟೈರ್, ಎಲ್ಲ ನಟ್‌ಗಳೂ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವ ವ್ಯವಸ್ಥೆ, ದಪ್ಪವಾದ ರಿಮ್ ಅಂಚು, ಎಲ್ಲಿ ಎತ್ತಿದರೂ ತಾಳುವ ತಳ ಇವೆಲ್ಲ ಇದ್ದೇ ಇರುತ್ತವೆ ಎಂಬ ಎಣಿಕೆಯ ಮೇಲೆ ಅವರ ಕೈ ಓಡುತ್ತದೆ, ಮತ್ತು ಹಳೆಯ ಕಾರಿನಲ್ಲಿ ಈ ಎಣಿಕೆಗಳಲ್ಲಿ ಒಂದಲ್ಲ ಒಂದು ತಪ್ಪಿಯೇ ತಪ್ಪುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯ ಮುಖ್ಯ ಸಲಹೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಸಾಧ್ಯವಾದ ಮಟ್ಟಿಗೆ ಅಂಗಡಿಗೆ ಕಾರನ್ನು ಒಯ್ಯಬೇಡಿ, ಬಿಚ್ಚಿದ ಚಕ್ರಗಳನ್ನು ಮಾತ್ರ ಒಯ್ಯಿರಿ. ಕಾರನ್ನು ಎತ್ತುವುದು, ನಟ್ ಬಿಚ್ಚುವುದು, ಮತ್ತೆ ಬಿಗಿಯುವುದು ಈ ಮೂರು ಕೆಲಸಗಳು ನಿಮ್ಮ ಕೈಯಲ್ಲೇ ಉಳಿದರೆ ಆಗಬಹುದಾದ ಅನಾಹುತಗಳಲ್ಲಿ ದೊಡ್ಡ ಪಾಲು ಅಲ್ಲಿಗೇ ತಪ್ಪುತ್ತದೆ.

ಮೊದಲ ಹಂತ: ನಿಮ್ಮ ಚಕ್ರ ಯಾವ ಬಗೆಯದೆಂದು ತಿಳಿದುಕೊಳ್ಳಿ

ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣುವುದು ತಗಡನ್ನು ಒತ್ತಿ ಮಾಡಿದ ಉಕ್ಕಿನ ಚಕ್ರ. ಇದು ಒರಟಾಗಿ ಕಂಡರೂ ಇದರ ಅಂಚು ಇಂದಿನ ಚಕ್ರಗಳ ಅಂಚಿಗಿಂತ ತೆಳ್ಳಗಿರಬಹುದು ಮತ್ತು ಒಳಗಿನಿಂದ ತುಕ್ಕು ತಿಂದಿರಬಹುದು. ಎರಡನೆಯದು ಕಡ್ಡಿಗಳಿರುವ ಚಕ್ರ, ಅಂದರೆ ವೈರ್ ವೀಲ್. ಇದು ಒಂದೇ ದೊಡ್ಡ ನಟ್‌ನಿಂದ ಹಲ್ಲುಗಳಿರುವ ಹಬ್‌ನ (ಚಕ್ರವನ್ನು ಹೊರುವ ನಡುಭಾಗ) ಮೇಲೆ ಕೂರುತ್ತದೆ, ಇಲ್ಲವೇ ಸಾಮಾನ್ಯ ಚಕ್ರದಂತೆ ನಾಲ್ಕೈದು ನಟ್‌ಗಳಿಂದ ಕೂರುತ್ತದೆ. ಮೂರನೆಯದು ಎರಕದ ಅಥವಾ ಬಡಿದು ರೂಪಿಸಿದ ಅಲಾಯ್ ಚಕ್ರ. ಇದರಲ್ಲಿ ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಎಂಬ ಎರಡು ಬಗೆಗಳನ್ನು ಬೇರೆ ಬೇರೆಯಾಗಿ ಗುರುತಿಸಲೇಬೇಕು. ಮರದ ಕಡ್ಡಿಗಳ ಚಕ್ರ ಮತ್ತು ಬಿಡಿ ಉಂಗುರದಿಂದ ಟೈರನ್ನು ಹಿಡಿದಿಡುವ ರಿಮ್ ಇರುವ ಕಾರುಗಳು ಸಾಮಾನ್ಯ ಟೈರ್ ಅಂಗಡಿಗೆ ಹೋಗಲೇಬಾರದು. ಉಂಗುರ ಸರಿಯಾಗಿ ಕೂರದೆ ಗಾಳಿ ತುಂಬಿದರೆ ಅದು ಸಿಡಿದು ಜೀವ ತೆಗೆಯಬಲ್ಲದು. ಅದಕ್ಕೆ ಕಬ್ಬಿಣದ ಪಂಜರವಿರುವ, ಅನುಭವವಿರುವ ಜಾಗವೇ ಬೇಕು.

ಮೆಗ್ನೀಸಿಯಂ ಎಂದು ಅನುಮಾನವಿದ್ದರೆ ಚಕ್ರದ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಬಣ್ಣ ಹೋಗಿ ಲೋಹ ಕಾಣುವ ಒಂದು ಚುಕ್ಕೆಯಷ್ಟು ಜಾಗಕ್ಕೆ ಒಂದು ಹನಿ ವಿನೆಗರ್ ಹಾಕಿ ನೋಡಿ. ಮೆಗ್ನೀಸಿಯಂ ಆದರೆ ಸಣ್ಣ ಗುಳ್ಳೆಗಳು ಏಳುತ್ತವೆ; ಅಲ್ಯೂಮಿನಿಯಂ ಸುಮ್ಮನಿರುತ್ತದೆ. ನೋಡಿದ ಕೂಡಲೇ ನೀರಿನಿಂದ ತೊಳೆದು ಒರೆಸಿಬಿಡಿ. ಮೆಗ್ನೀಸಿಯಂ ಚಕ್ರದ ಅಂಚನ್ನು ಅಂಗಡಿಯವರು ಗ್ರೈಂಡರ್‌ನಿಂದ ಉಜ್ಜಲು ಬಿಡಬಾರದು. ಅದರ ಪುಡಿ ಹೊತ್ತಿಕೊಂಡರೆ ನೀರಿನಿಂದ ಆರುವುದಿಲ್ಲ, ನೀರು ಹಾಕಿದಷ್ಟೂ ಉರಿ ಹೆಚ್ಚುತ್ತದೆ.

ಇದಾದ ಮೇಲೆ ರಿಮ್‌ನ ಮೇಲೆ ಒತ್ತಿರುವ ಅಂಕಿಗಳನ್ನು ಓದಿ ಬರೆದುಕೊಳ್ಳಿ. ಉದಾಹರಣೆಗೆ 4½ ಜೆ × 15 ಎಂದಿದ್ದರೆ ಅಗಲ ನಾಲ್ಕೂವರೆ ಇಂಚು, ವ್ಯಾಸ ಹದಿನೈದು ಇಂಚು, ಅಂಚಿನ ಆಕಾರ ಜೆ. 1970 ಮತ್ತು 1980ರ ದಶಕಗಳ ಕೆಲವು ಕಾರುಗಳಲ್ಲಿ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ಮಿಷೆಲಿನ್‌ನ ಟಿಆರ್‌ಎಕ್ಸ್ ವ್ಯವಸ್ಥೆಯ 390 ಮಿಲಿಮೀಟರ್ ರಿಮ್ ಇದಕ್ಕೆ ನಿದರ್ಶನ. 390 ಮಿಲಿಮೀಟರ್ ಎಂದರೆ ಸುಮಾರು 15.35 ಇಂಚು. ಕಣ್ಣಳತೆಗೆ ಹದಿನೈದೋ ಹದಿನಾರೋ ಇಂಚಿನಂತೆ ಕಾಣುವ ಈ ರಿಮ್‌ಗೆ ಇಂಚಿನ ಲೆಕ್ಕದ ಟೈರನ್ನು ಬಲವಂತವಾಗಿ ಹತ್ತಿಸಿದರೆ ಟೈರ್, ರಿಮ್, ಕೆಲಸಗಾರ ಮೂವರಿಗೂ ಅಪಾಯ.

ರಿಮ್‌ನ ಒಳಮೈಯಲ್ಲಿ ಇನ್ನೊಂದು ವಿವರ ನೋಡಬೇಕು. ಟೈರ್‌ನ ಬೀಡ್, ಅಂದರೆ ಉಕ್ಕಿನ ತಂತಿಯಿರುವ ಅದರ ಒಳ ಅಂಚು, ಕೂರುವ ಪಟ್ಟಿಯ ಒಳ ಅಂಚಿನಲ್ಲಿ ಸುತ್ತಲೂ ಸಣ್ಣ ದಿಬ್ಬವಿದ್ದರೆ ಅದು ಟ್ಯೂಬ್‌ಲೆಸ್ ಟೈರಿಗೆ ತಕ್ಕ ರಿಮ್. ಆ ದಿಬ್ಬವಿಲ್ಲದಿದ್ದರೆ ಗಾಳಿ ಕಡಿಮೆಯಾದ ಟೈರ್ ತಿರುವಿನಲ್ಲಿ ಪಕ್ಕಕ್ಕೆ ಜಾರಿ ಒಮ್ಮೆಲೇ ಗಾಳಿ ಬಿಡಬಹುದು. ಅಲ್ಲಿ ಟ್ಯೂಬ್ ಹಾಕುವುದೇ ಸರಿ. ಕಡ್ಡಿಗಳ ತುದಿ ರಿಮ್ ತೂರಿ ಒಳಗೆ ಬರುವ ವೈರ್ ವೀಲ್‌ಗಳಿಗಂತೂ ಟ್ಯೂಬ್ ಬೇಕೇ ಬೇಕು, ಜೊತೆಗೆ ಟ್ಯೂಬಿಗೂ ಕಡ್ಡಿಯ ತುದಿಗೂ ನಡುವೆ ರಬ್ಬರ್ ಪಟ್ಟಿಯೂ ಬೇಕು.

ಎರಡನೆಯ ಹಂತ: ಟೈರನ್ನು ನೀವೇ ಆರಿಸಿ

ಅಂಗಡಿಯ ಕಂಪ್ಯೂಟರಿನಲ್ಲಿ ನಿಮ್ಮ ಕಾರಿನ ಹೆಸರು ಸಿಗುವುದಿಲ್ಲ, ಆಗ ಹತ್ತಿರದ್ದೊಂದನ್ನು ಹಾಕುವ ಮಾತು ಬರುತ್ತದೆ. ಅದಕ್ಕೆ ಎಡೆ ಕೊಡದೆ ಅಳತೆಯನ್ನು ಕಾರಿನ ಕೈಪಿಡಿಯಿಂದ ಬರೆದುಕೊಂಡು ಹೋಗಿ. 155 ಆರ್ 13 ಎಂಬಂತೆ ಎತ್ತರದ ಅನುಪಾತ (ಟೈರ್‌ನ ಪಕ್ಕದ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು) ಬರೆಯದೆ ಬಿಟ್ಟ ಹಳೆಯ ರೇಡಿಯಲ್ ಅಳತೆಯಲ್ಲಿ ಆ ಅನುಪಾತ ಸುಮಾರು 80 ಎಂದು ತಿಳಿಯಬೇಕು. ಮಿಷೆಲಿನ್ ತನ್ನ ಎಕ್ಸ್ ರೇಡಿಯಲ್ ಟೈರನ್ನು ಮಾರುಕಟ್ಟೆಗೆ ತಂದದ್ದು 1949ರಲ್ಲಿ. ಅದಾದ ಮೇಲೂ ಬಹುಕಾಲ ಅನೇಕ ಕಾರುಗಳು ಕ್ರಾಸ್‌ಪ್ಲೈ ಟೈರುಗಳೊಂದಿಗೇ ಹೊರಬಿದ್ದವು. ರೇಡಿಯಲ್‌ನಲ್ಲಿ ಒಳಗಿನ ದಾರಗಳು ಒಂದು ಬೀಡ್‌ನಿಂದ ಇನ್ನೊಂದಕ್ಕೆ ನೇರವಾಗಿ ಹಾಯುತ್ತವೆ, ಕ್ರಾಸ್‌ಪ್ಲೈಯಲ್ಲಿ ಅವುಗಳ ಪದರಗಳು ಒಂದನ್ನೊಂದು ಓರೆಯಾಗಿ ದಾಟುತ್ತವೆ. ಅಂಥ ಕಾರಿನ ರಿಮ್‌ಗಳು ರೇಡಿಯಲ್‌ನ ಪಕ್ಕದ ಒತ್ತಡಕ್ಕೆ ತಕ್ಕಂತೆ ವಿನ್ಯಾಸಗೊಂಡಿರುವುದಿಲ್ಲವಾದ್ದರಿಂದ, ರೇಡಿಯಲ್ ಹಾಕಲು ಹೊರಟವರು ಸ್ಟಡ್ (ನಟ್ ಹತ್ತುವ ತಿರುಪಿನ ಸರಳು) ತೂತುಗಳ ಸುತ್ತ ಮತ್ತು ಗಾಳಿಕಂಡಿಗಳ ಮೂಲೆಯಲ್ಲಿ ಬಿರುಕಿದೆಯೇ ಎಂದು ಮೊದಲು ನೋಡಬೇಕು. ಒಂದೇ ಆಕ್ಸಲ್‌ನಲ್ಲಿ ಎರಡು ಬಗೆಯನ್ನು ಬೆರೆಸುವಂತಿಲ್ಲ.

ಹೊಸ ಟೈರ್ ನಿಜಕ್ಕೂ ಹೊಸದೇ ಎಂಬುದನ್ನು ಅದರ ಪಕ್ಕದಲ್ಲಿ ಡಿಒಟಿ ಅಕ್ಷರಗಳ ನಂತರ ಬರುವ ಕೊನೆಯ ನಾಲ್ಕು ಅಂಕಿಗಳು ಹೇಳುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು; ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ರಸ್ತೆಗೆ ಇಳಿಸಬಾರದು. ಅಪರೂಪದ ಅಳತೆಯ ಟೈರುಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರುತ್ತವೆ ಎಂಬುದನ್ನು ಮರೆಯಬೇಡಿ.

ಮೂರನೆಯ ಹಂತ: ನಟ್ ಯಾವ ಕಡೆ ತಿರುಗುತ್ತದೆ?

ಹಳೆಯ ಕಾರಿನ ಮಟ್ಟಿಗೆ ಟೈರ್ ಅಂಗಡಿಯಲ್ಲಿ ಅತಿ ಸುಲಭವಾಗಿ ಆಗುವ ಅನಾಹುತ ಇದೇ. ಕೆಲವು ತಯಾರಕರು ಕಾರಿನ ಎಡಬದಿಯ ಚಕ್ರಗಳಿಗೆ ಎಡ ಥ್ರೆಡ್ ಇರುವ ಸ್ಟಡ್‌ಗಳನ್ನು ಹಾಕುತ್ತಿದ್ದರು. ಚಕ್ರ ಮುಂದಕ್ಕೆ ಉರುಳುವಾಗ ನಟ್ ಸಡಿಲವಾಗದೆ ಬಿಗಿಯಾಗಲೆಂಬುದು ಅದರ ಉದ್ದೇಶ. ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಮುಂತಾದ ಕಾರುಗಳಲ್ಲಿ ಈ ಪದ್ಧತಿ 1970ರ ಸುಮಾರಿನವರೆಗೂ ಇತ್ತು. ಅಂಥ ನಟ್ ಅಪ್ರದಕ್ಷಿಣವಾಗಿ ತಿರುಗಿಸಿದರೆ ಬಿಗಿಯಾಗುತ್ತದೆ, ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದವರು ಗಾಳಿಯ ಗನ್ ಇಟ್ಟು ಬಿಚ್ಚುವ ಕಡೆಗೆ ಒತ್ತಿದಾಗ ನಟ್ ಇನ್ನಷ್ಟು ಬಿಗಿಯಾಗುತ್ತದೆ. ತುಕ್ಕು ಹಿಡಿದಿದೆಯೆಂದು ಭಾವಿಸಿ ಒತ್ತಡ ಹೆಚ್ಚಿಸಿದರೆ ಸ್ಟಡ್ ಟಪ್ಪೆಂದು ಮುರಿಯುತ್ತದೆ. ಒಂದು ಮುರಿದ ಮೇಲೂ ಕಾರಣ ಹೊಳೆಯದೆ ಎರಡನೆಯದಕ್ಕೆ ಗನ್ ಇಟ್ಟವರೂ ಇದ್ದಾರೆ. ಸ್ಟಡ್‌ನ ತುದಿಯ ಮುಖವನ್ನು ತಂತಿ ಬ್ರಷ್‌ನಿಂದ ಉಜ್ಜಿ ಟಾರ್ಚ್ ಹಿಡಿದು ನೋಡಿದರೆ ಎಡ ಥ್ರೆಡ್‌ಗೆ ಎಲ್, ಬಲ ಥ್ರೆಡ್‌ಗೆ ಆರ್ ಎಂಬ ಅಕ್ಷರ ಕಾಣಬಹುದು. ಅಕ್ಷರ ಕಾಣದಿದ್ದರೆ ಥ್ರೆಡ್‌ನ ಓರೆಯನ್ನೇ ನೋಡಬೇಕು. ಸ್ಟಡ್ಡನ್ನು ನೆಟ್ಟಗೆ ನಿಲ್ಲಿಸಿದಂತೆ ಕಲ್ಪಿಸಿಕೊಂಡಾಗ ಗೆರೆಗಳು ಬಲಕ್ಕೆ ಏರುತ್ತಿದ್ದರೆ ಬಲ ಥ್ರೆಡ್, ಎಡಕ್ಕೆ ಏರುತ್ತಿದ್ದರೆ ಎಡ ಥ್ರೆಡ್. ಹಿಂದಿನ ಮಾಲೀಕರು ಕೆಲವು ಸ್ಟಡ್‌ಗಳನ್ನು ಮಾತ್ರ ಬದಲಿಸಿರಬಹುದಾದ್ದರಿಂದ ಒಂದೊಂದನ್ನೂ ನೋಡಬೇಕು.

ಒಂದೇ ನಟ್‌ನ ವೈರ್ ವೀಲ್‌ನಲ್ಲಿ ನಿಯಮ ಇದಕ್ಕೆ ತದ್ವಿರುದ್ಧ. ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಲ್ಲಿ ಕಾಣುವ ಈ ವ್ಯವಸ್ಥೆಯಲ್ಲಿ ಕಾರಿನ ಎಡಬದಿಗೆ ಬಲ ಥ್ರೆಡ್, ಬಲಬದಿಗೆ ಎಡ ಥ್ರೆಡ್ ಇರುತ್ತದೆ. ಚಕ್ರ ಮುಂದಕ್ಕೆ ಉರುಳುವ ದಿಕ್ಕಿನಲ್ಲಿ ತಿರುಗಿಸಿದರೆ ನಟ್ ಬಿಚ್ಚುತ್ತದೆ. ನಟ್‌ನ ಮೇಲ್ತುದಿಯನ್ನು ಕಾರಿನ ಹಿಂಬದಿಗೆ ಹೊಡೆದರೆ ಬಿಗಿ, ಮುಂಬದಿಗೆ ಹೊಡೆದರೆ ಸಡಿಲ ಎಂದು ನೆನಪಿಟ್ಟುಕೊಳ್ಳುವುದು ಸುಲಭ. ಬಹಳಷ್ಟು ನಟ್‌ಗಳ ಮೇಲೆ ಬಿಚ್ಚುವ ದಿಕ್ಕಿನ ಬಾಣವನ್ನೂ ಕೊರೆದಿರುತ್ತಾರೆ, ಆದರೆ ಎಡದ ನಟ್ ಬಲಕ್ಕೂ ಬಲದ್ದು ಎಡಕ್ಕೂ ಹತ್ತುವುದಿಲ್ಲವಾದ್ದರಿಂದ ನಾಲ್ಕು ನಟ್‌ಗಳನ್ನೂ ಒಂದೇ ಡಬ್ಬಿಯಲ್ಲಿ ಸುರಿದು ಮತ್ತೆ ಹಾಕುವಾಗ ಥ್ರೆಡ್ ಕೆಡಿಸಿಕೊಳ್ಳಬೇಡಿ. ರೆಕ್ಕೆಯಿರುವ ನಟ್‌ಗೆ ತಾಮ್ರದ, ಸೀಸದ ಅಥವಾ ಚರ್ಮದ ಮುಖವಿರುವ ಸುತ್ತಿಗೆಯೇ ಬೇಕು. ಉಕ್ಕಿನ ಸುತ್ತಿಗೆಯಿಂದ ಹೊಡೆದರೆ ಕ್ರೋಮ್ ಒಡೆಯುತ್ತದೆ, ರೆಕ್ಕೆ ಮುರಿಯುತ್ತದೆ. ಅಮೆರಿಕದಲ್ಲಿ 1968ರಿಂದ ಜಾರಿಗೆ ಬಂದ ಸುರಕ್ಷತಾ ನಿಯಮ ರೆಕ್ಕೆಯ ನಟ್‌ಗಳನ್ನು ನಿಷೇಧಿಸಿದ್ದರಿಂದ ಆಮೇಲಿನ ಅನೇಕ ಕಾರುಗಳಿಗೆ ಎಂಟು ಮೂಲೆಯ ನಟ್ ಬಂತು. ಅದಕ್ಕೆ ತಕ್ಕ ಪಾನಾ ನಿಮ್ಮಲ್ಲೇ ಇರಲಿ, ಪೈಪ್ ಪಾನಾ ಹಚ್ಚುವುದನ್ನು ಯಾರಿಗೂ ಬಿಡಬೇಡಿ.

ನಾಲ್ಕನೆಯ ಹಂತ: ಚಕ್ರ ಬಿಚ್ಚುವುದು

ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಎತ್ತದ ಕಡೆಯ ಚಕ್ರಗಳಿಗೆ ಮುಂದೆ ಹಿಂದೆ ಅಡ್ಡೆ ಕೊಡಿ. ವೀಲ್ ಕ್ಯಾಪ್ ತೆಗೆಯಲು ಸ್ಕ್ರೂಡ್ರೈವರ್ ತೂರಿಸಿ ಒಂದೇ ಕಡೆ ಮೀಟಿದರೆ ಕ್ಯಾಪ್‌ನ ಅಂಚು ಸೊಟ್ಟಗಾಗುತ್ತದೆ, ರಿಮ್‌ನ ಬಣ್ಣವೂ ಕಿತ್ತುಬರುತ್ತದೆ. ಅಗಲವಾದ ಪ್ಲಾಸ್ಟಿಕ್ ಸನ್ನೆಯನ್ನು ಬಟ್ಟೆಯ ಮೇಲಿಟ್ಟು ಎರಡು ಮೂರು ಕಡೆ ಸ್ವಲ್ಪ ಸ್ವಲ್ಪವೇ ಮೀಟಬೇಕು. ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಕಾಲು ಸುತ್ತಿನಷ್ಟು ಸಡಿಲಿಸಿ, ಆಮೇಲೆ ಎತ್ತಿ.

ಜಾಕ್ ಎಲ್ಲಿ ಇಡಬೇಕೆಂಬುದನ್ನು ಕೈಪಿಡಿಯಲ್ಲಿ ನೋಡಿ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ಹಳೆಯ ಕಾರಿನಲ್ಲಿ ಹೊರಗೆ ಹೊಳೆಯುತ್ತಿದ್ದು ಒಳಗೆ ತುಕ್ಕಿನ ಪುಡಿಯಾಗಿರಬಹುದು; ಅಂಗಡಿಯ ಲಿಫ್ಟ್‌ನ ತೋಳು ಅಲ್ಲಿ ಒತ್ತಿದಾಗ ಹಪ್ಪಳದಂತೆ ಮುರಿದು ಒಳಗೆ ಹೋಗುತ್ತದೆ. ಕಾರನ್ನೇ ಒಯ್ಯಬೇಡಿ ಎಂದು ಹೇಳಿದ್ದಕ್ಕೆ ಇದೂ ಒಂದು ಕಾರಣ. ಎತ್ತಿದ ಮೇಲೆ ಆಕ್ಸಲ್ ಸ್ಟ್ಯಾಂಡ್ ಕೊಡದೆ ಬರೀ ಜಾಕ್ ನಂಬಿ ಕೈ ಹಾಕಬಾರದು. ಕೆಲವು ಕಾರುಗಳಿಗೆ ತಮ್ಮದೇ ಕ್ರಮವಿದೆ. ಸಿಟ್ರೋಯೆನ್ ಡಿಎಸ್‌ನ ಹಿಂದಿನ ಚಕ್ರ ತೆಗೆಯಲು ಒಂದು ಬೋಲ್ಟ್ ಬಿಚ್ಚಿ ಹಿಂದಿನ ಮಡ್‌ಗಾರ್ಡನ್ನೇ ಕಳಚಬೇಕು. ಕಾರು ಎತ್ತುವ ಕೆಲಸವನ್ನೂ ಅದರ ಸಸ್ಪೆನ್ಷನ್ನೇ ಅರ್ಧ ಮಾಡಿಕೊಡುತ್ತದೆ. ಇದನ್ನು ತಿಳಿಯದೆ ಎಳೆದಾಡುವವರ ಕೈಗೆ ಅಂಥ ಕಾರನ್ನು ಒಪ್ಪಿಸುವುದು ದುಬಾರಿಯ ಪ್ರಯೋಗ.

ಬಿಚ್ಚಿದ ಪ್ರತಿ ಚಕ್ರದ ಹಿಂಬದಿಗೆ ಅದರ ಸ್ಥಾನವನ್ನು ಸೀಮೆಸುಣ್ಣದಲ್ಲಿ ಬರೆಯಿರಿ. ಆಮೇಲೆ ಹಗಲು ಬೆಳಕಿನಲ್ಲಿ ಎರಡೂ ಮುಖಗಳ, ಅಂಚಿನ ಪೂರ್ತಿ ಸುತ್ತಿನ, ಸ್ಟಡ್ ತೂತುಗಳ ಫೋಟೋ ತೆಗೆಯಿರಿ. ಈಗಾಗಲೇ ಇರುವ ಗೀರು, ತಗ್ಗುಗಳನ್ನು ಮುಚ್ಚಿಡದೆ ಅವುಗಳನ್ನೂ ಹತ್ತಿರದಿಂದ ತೆಗೆಯಿರಿ. ಮುಂದೆ ಮಾತು ಬಂದಾಗ ಹಳೆಯದನ್ನು ಒಪ್ಪಿಕೊಂಡ ದಾಖಲೆಯೇ ಹೊಸದನ್ನು ಸಾಬೀತು ಮಾಡುತ್ತದೆ.

ಐದನೆಯ ಹಂತ: ಅಂಗಡಿಯವರೊಂದಿಗೆ ಮಾತು

ಗಿರಾಕಿಗಳ ನೂಕು ಇಲ್ಲದ ಹೊತ್ತು ನೋಡಿ ಹೋಗಿ, ಮೊದಲೇ ಫೋನ್ ಮಾಡಿ. ಟ್ಯೂಬ್ ಹಾಕುವ ಅಭ್ಯಾಸವಿದೆಯೇ, ಹಳೆಯ ಮೋಟಾರ್‌ಸೈಕಲ್‌ಗಳ ಕಡ್ಡಿ ಚಕ್ರಗಳನ್ನು ಮಾಡುತ್ತೀರಾ, ಯಂತ್ರದ ಹಿಡಿಗಳಿಗೆ ಪ್ಲಾಸ್ಟಿಕ್ ಕವಚವಿದೆಯೇ, ಕೈ ಸನ್ನೆಯಿಂದ ಟೈರ್ ಬಿಚ್ಚಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಕೇಳಿ. ಕಾರಿನ ಹೆಸರು ಕೇಳಿದ ಕೂಡಲೇ ಅದರಲ್ಲೇನಿದೆ ಎಂದು ನಗುವ ಅಂಗಡಿಗಿಂತ, ಚಕ್ರವನ್ನು ಒಮ್ಮೆ ತಂದು ತೋರಿಸಿ ಎನ್ನುವ ಅಂಗಡಿಯೇ ಮೇಲು. ಟ್ರ್ಯಾಕ್ಟರ್, ಲಾರಿ ಟೈರುಗಳನ್ನು ಕೈಯಲ್ಲಿ ಮಾಡಿ ಪಳಗಿದ ಹಿರಿಯ ಕೆಲಸಗಾರರಿಗೆ ಟ್ಯೂಬಿನ ಕೆಲಸ ಹೊಳೆಯುವ ಶೋರೂಮಿನ ಹುಡುಗರಿಗಿಂತ ಚೆನ್ನಾಗಿ ಗೊತ್ತಿರುವುದುಂಟು.

ಒಂದು ಚೀಟಿಯಲ್ಲಿ ನಿಮ್ಮ ಷರತ್ತುಗಳನ್ನು ಬರೆದು ಚಕ್ರಕ್ಕೇ ಅಂಟಿಸಿ: ಟ್ಯೂಬ್ ಮತ್ತು ಪಟ್ಟಿ ಕಡ್ಡಾಯ, ಟೈರನ್ನು ಯಾವ ಬದಿಯಿಂದ ಬಿಚ್ಚಬೇಕು, ಹೊರ ಅಂಚಿಗೆ ಬ್ಯಾಲೆನ್ಸಿಂಗ್ ತೂಕ ಬಡಿಯಬಾರದು, ಗಾಳಿ ಎಷ್ಟು. ಜಾಬ್ ಕಾರ್ಡಿನಲ್ಲಿ ಚಕ್ರಗಳ ಈಗಿನ ಸ್ಥಿತಿಯನ್ನು ಬರೆಸಿ ಇಬ್ಬರೂ ಸಹಿ ಮಾಡಿ. ಕೆಲಸ ನಡೆಯುವಾಗ ಹತ್ತಿರ ನಿಲ್ಲಲು ಅನುಮತಿ ಕೇಳಿ. ಕೊಡದಿದ್ದರೆ ಬೇರೆ ಅಂಗಡಿ ನೋಡಿ.

ಆರನೆಯ ಹಂತ: ಯಂತ್ರದ ಮುಂದೆ

ಮೊದಲ ಅಪಾಯ ಬೀಡ್ ಬಿಡಿಸುವಾಗ ಬರುತ್ತದೆ. ಯಂತ್ರದ ಪಕ್ಕದಲ್ಲಿರುವ ಸಲಿಕೆಯಂಥ ಅಲಗು ಟೈರನ್ನು ಒತ್ತಬೇಕೇ ಹೊರತು ರಿಮ್‌ನ ಅಂಚನ್ನಲ್ಲ. ವರ್ಷಗಳಿಂದ ಅಂಟಿಕೊಂಡ ಟೈರ್ ಒಂದೇ ಒತ್ತಿಗೆ ಬಿಡುವುದಿಲ್ಲ. ಆಗ ಅದೇ ಜಾಗದಲ್ಲಿ ಮತ್ತೆ ಮತ್ತೆ ಒತ್ತಿದರೆ ತೆಳು ಉಕ್ಕಿನ ಅಂಚು ಮಡಚುತ್ತದೆ, ಅಲಾಯ್ ಆದರೆ ಸೀಳುತ್ತದೆ. ಸಾಬೂನಿನ ದ್ರಾವಣ ಬಿಟ್ಟು, ಹತ್ತು ನಿಮಿಷ ಕಾದು, ಸುತ್ತಲೂ ಸ್ವಲ್ಪ ಸ್ವಲ್ಪವಾಗಿ ಒತ್ತುತ್ತಾ ಬರುವುದೇ ಸರಿಯಾದ ಕ್ರಮ. ಹಳೆಯ ಟೈರ್ ಹೇಗೂ ಎಸೆಯುವುದೇ ಆಗಿದ್ದು ಬಿಡಲೊಲ್ಲದಿದ್ದರೆ, ಅದನ್ನು ಕತ್ತರಿಸಿ ತೆಗೆಯಿರಿ ಎಂದು ಹೇಳಲು ಹಿಂಜರಿಯಬೇಡಿ.

ಎರಡನೆಯದು ಚಕ್ರವನ್ನು ಯಂತ್ರದ ಮೇಜಿಗೆ ಬಿಗಿಯುವುದು. ವೈರ್ ವೀಲ್‌ನ ಹಬ್ ಭಾಗ ರಿಮ್‌ಗಿಂತ ಹೊರಗೆ ಚಾಚಿಕೊಂಡಿರಬಹುದು. ಅದನ್ನು ಮುಖ ಕೆಳಗೆ ಮಾಡಿ ಇಟ್ಟರೆ ಇಡೀ ಭಾರ ಕ್ರೋಮ್ ಮಾಡಿದ ಹಬ್‌ನ ಮೇಲೆ ಬಿದ್ದು ಉಜ್ಜುತ್ತದೆ. ಉಕ್ಕಿನ ಹಿಡಿಗಳು ಅಂಚನ್ನು ಹೊರಗಿನಿಂದ ಕಚ್ಚಿದರೆ ನಾಲ್ಕು ಕಡೆ ಸಮಾನ ದೂರದಲ್ಲಿ ನಾಲ್ಕು ಗಾಯಗಳು ಬೀಳುತ್ತವೆ. ಇಂಥ ಗುರುತು ಕಂಡರೆ ಅದು ರಸ್ತೆಯಲ್ಲಿ ಆದದ್ದಲ್ಲ ಎಂದು ನಿಸ್ಸಂದೇಹವಾಗಿ ಹೇಳಬಹುದು.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. ರಿಮ್‌ನ ನಡುವಿನ ತಗ್ಗು ಸರಿಯಾಗಿ ಮಧ್ಯದಲ್ಲಿರದೆ ಒಂದು ಬದಿಗೆ ಹತ್ತಿರವಾಗಿರುತ್ತದೆ. ಟೈರನ್ನು ಬಿಚ್ಚುವುದೂ ಹಾಕುವುದೂ ಆ ತಗ್ಗು ಹತ್ತಿರವಿರುವ ಬದಿಯಿಂದಲೇ ಆಗಬೇಕು. ಒಂದು ಕಡೆಯ ಬೀಡ್ ತಗ್ಗಿಗೆ ಇಳಿದಾಗಲೇ ಎದುರು ಕಡೆಯಲ್ಲಿ ಸಡಿಲ ಸಿಗುತ್ತದೆ. ಬಹುಪಾಲು ಚಕ್ರಗಳಲ್ಲಿ ಇದು ಹೊರಬದಿಗೆ ಹತ್ತಿರ, ಆದರೆ ಕೆಲವು ಹಳೆಯ ಚಕ್ರಗಳಲ್ಲಿ ಒಳಬದಿಗೆ. ಅಭ್ಯಾಸಬಲದಿಂದ ಹೊರಬದಿಯಿಂದಲೇ ಹತ್ತಿಸಲು ಹೋದರೆ ಬೀಡ್‌ನೊಳಗಿನ ಉಕ್ಕಿನ ತಂತಿ ತುಂಡಾಗುತ್ತದೆ, ಇಲ್ಲವೇ ಸನ್ನೆಯ ಒತ್ತಡಕ್ಕೆ ಅಂಚು ಬಾಗುತ್ತದೆ.

ಹೊಸ ಟೈರ್ ಹಾಕುವ ಮೊದಲು ರಿಮ್‌ನ ಒಳಮೈ ತುಕ್ಕಿಲ್ಲದೆ ನುಣುಪಾಗಿರಬೇಕು. ಕಡ್ಡಿಯ ತುದಿಗಳು ನಿಪ್ಪಲ್‌ಗಿಂತ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್) ಮೇಲೆ ಚಾಚಿದ್ದರೆ ಅರದಿಂದ ಉಜ್ಜಿ ಸಮ ಮಾಡಬೇಕು. ಟೈರ್‌ನ ಒಳಗೆ ಅಂಟಿಸಿರುವ ಕಾಗದದ ಚೀಟಿಗಳನ್ನೆಲ್ಲ ಕಿತ್ತು ತೆಗೆಯಬೇಕು, ಏಕೆಂದರೆ ಅವುಗಳ ಅಂಚು ಟ್ಯೂಬನ್ನು ದಿನವೂ ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಟೈರ್‌ನ ಒಳಮೈಗೆ ಸಣ್ಣಗೆ ಟಾಲ್ಕ್ ಪುಡಿ ಉದುರಿಸಿ, ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗಿಡಬೇಕು. ಪೂರ್ತಿ ಚಪ್ಪಟೆಯಾದ ಟ್ಯೂಬ್ ಸನ್ನೆಯ ಬಾಯಿಗೆ ಸಿಕ್ಕಿಬೀಳುವುದು ಈ ಹಂತದ ಮಾಮೂಲಿ ಅಪಘಾತ. ಅಂಗಡಿಯಲ್ಲಿ ಗಾಳಿ ನಿಂತಂತೆ ಕಂಡರೂ ಮರುದಿನ ಬೆಳಿಗ್ಗೆ ಟೈರ್ ಕುಸಿದಿರುತ್ತದೆ. ರೇಡಿಯಲ್ ಟೈರಿಗೆ ರೇಡಿಯಲ್‌ಗೆಂದೇ ಗುರುತು ಹಾಕಿದ ಟ್ಯೂಬನ್ನೇ ಕೇಳಿ.

ಬೀಡ್ ಕೂರಿಸಲು ಗಾಳಿ ತುಂಬುವಾಗ 40 ಪಿಎಸ್‌ಐ ಮೀರಬಾರದು ಎಂಬುದು ಟೈರ್ ತಯಾರಕರ ಸಾಮಾನ್ಯ ಎಚ್ಚರಿಕೆ. ಅಷ್ಟಕ್ಕೂ ಕೂರದಿದ್ದರೆ ಗಾಳಿ ತೆಗೆದು, ಮತ್ತೆ ಸಾಬೂನು ಹಚ್ಚಿ, ಟೈರ್ ಮತ್ತು ರಿಮ್‌ನ ಅಳತೆ ಒಂದೇ ಎಂದು ಮತ್ತೊಮ್ಮೆ ನೋಡಬೇಕು. ಕೂತಿತೋ ಇಲ್ಲವೋ ಎಂದು ತಿಳಿಯಲು ಟೈರ್‌ನ ಪಕ್ಕದಲ್ಲಿ ರಿಮ್‌ಗೆ ಹತ್ತಿರವಿರುವ ಸಣ್ಣ ಗೆರೆಯನ್ನು ನೋಡಿ. ರಿಮ್‌ನಿಂದ ಅದರ ದೂರ ಸುತ್ತಲೂ ಒಂದೇ ಆಗಿರಬೇಕು. ಟ್ಯೂಬ್ ಇದ್ದಲ್ಲಿ ಒಮ್ಮೆ ತುಂಬಿದ ಗಾಳಿಯನ್ನು ಪೂರ್ತಿ ಬಿಟ್ಟು ಮತ್ತೆ ತುಂಬಿಸಿ, ಒಳಗಿನ ಸುಕ್ಕುಗಳು ಬಿಡುತ್ತವೆ. ವಾಲ್ವ್ ನೆಟ್ಟಗೆ ನಿಲ್ಲದೆ ಓರೆಯಾಗಿದ್ದರೆ ಟ್ಯೂಬ್ ಒಳಗೆ ತಿರುಚಿದೆ ಎಂದರ್ಥ. ಹಾಗೆಯೇ ಓಡಿಸಿದರೆ ವಾಲ್ವ್‌ನ ಬುಡ ಹರಿಯುತ್ತದೆ.

ಏಳನೆಯ ಹಂತ: ಬ್ಯಾಲೆನ್ಸಿಂಗ್

ಬ್ಯಾಲೆನ್ಸಿಂಗ್ ಎಂದರೆ ಚಕ್ರ ಅದುರದೆ ತಿರುಗುವಂತೆ ಅದಕ್ಕೆ ಸಣ್ಣ ತೂಕಗಳನ್ನು ಹಾಕಿ ಸಮತೋಲನ ಮಾಡುವುದು. ಅಂಗಡಿಯ ಯಂತ್ರ ಚಕ್ರವನ್ನು ನಡುವಿನ ತೂತಿಗೆ ಶಂಕುವಿನಾಕಾರದ ತುಂಡು ಒತ್ತಿ ಮಧ್ಯಕ್ಕೆ ತರುತ್ತದೆ. ಹಳೆಯ ಅನೇಕ ಚಕ್ರಗಳು ಕಾರಿನ ಮೇಲೆ ಮಧ್ಯಕ್ಕೆ ಬರುವುದು ಆ ತೂತಿನಿಂದಲ್ಲ, ಬೋಲ್ಟ್‌ಗಳಿಂದ. 205 ಮಿಲಿಮೀಟರ್ ವೃತ್ತದಲ್ಲಿ ಐದು ಬೋಲ್ಟ್‌ಗಳಿದ್ದ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಅಗಲ ಬಾಯಿಯ ಚಕ್ರವನ್ನು ಸಾಮಾನ್ಯ ಶಂಕುವಿನ ಮೇಲೆ ಹಿಡಿಸಲು ಆಗದು. ಬೋಲ್ಟ್ ತೂತುಗಳನ್ನೇ ಹಿಡಿಯುವ ಬೆರಳುಗಳಿರುವ ಅಡಾಪ್ಟರ್ ಬೇಕು. ವೈರ್ ವೀಲ್ ಕೂರುವುದು ಹಬ್‌ನ ಹಿಂದೆ ಒಂದು, ಮುಂದೆ ಒಂದು ಇಳಿಜಾರಿನ ಮೇಲೆ. ಯಂತ್ರದಲ್ಲೂ ಆ ಎರಡನ್ನೇ ಹಿಡಿಯಬೇಕು, ಹಲ್ಲುಗಳನ್ನು ಹಿಡಿಯಬಾರದು. ಸರಿಯಾಗಿ ಹಿಡಿದಿದೆಯೇ ಎಂದು ಪರೀಕ್ಷಿಸುವುದು ಸುಲಭ: ಒಮ್ಮೆ ತೂಕ ತೋರಿಸಿದ ಮೇಲೆ ಚಕ್ರವನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಹಿಡಿಸಲು ಹೇಳಿ. ಚಕ್ರದ ಅದೇ ಜಾಗಕ್ಕೆ ಅಷ್ಟೇ ತೂಕ ತೋರಿಸಿದರೆ ಸರಿ. ಬೇರೆ ತೋರಿಸಿದರೆ ಹಾಕಿದ ತೂಕವೆಲ್ಲ ವ್ಯರ್ಥ.

ಅಂಚಿಗೆ ಬಡಿದು ಕೂರಿಸುವ ತೂಕ ಬಣ್ಣವನ್ನೂ ಕ್ರೋಮನ್ನೂ ಒಡೆದು ಅಲ್ಲಿ ತುಕ್ಕಿಗೆ ದಾರಿ ಮಾಡುತ್ತದೆ, ಆದ್ದರಿಂದ ಅಂಥದ್ದೇನಿದ್ದರೂ ಒಳಬದಿಯ ಅಂಚಿಗಿರಲಿ. ಹಳೆಯ ಅಂಚಿನ ಆಕಾರಕ್ಕೆ ಇಂದಿನ ಕ್ಲಿಪ್ ಹೊಂದದೆ ಉದುರುವುದೂ ಉಂಟು. ಐರೋಪ್ಯ ಒಕ್ಕೂಟದಲ್ಲಿ 2005ರಿಂದ ಕಾರುಗಳಿಗೆ ಸೀಸದ ತೂಕ ಹಾಕುವಂತಿಲ್ಲವಾದ್ದರಿಂದ ಮೂಲದಂತೆಯೇ ಕಾಣಬೇಕೆಂಬ ಹಟದವರಿಗೆ ಅಲ್ಲಿ ಸ್ವಲ್ಪ ನಿರಾಸೆಯಾಗುತ್ತದೆ, ಸತು ಅಥವಾ ಉಕ್ಕಿನದೂ ಅದೇ ಕೆಲಸ ಮಾಡುತ್ತದೆ.

ಎಂಟನೆಯ ಹಂತ: ಮತ್ತೆ ಕೂರಿಸುವುದು

ನಟ್‌ನ ತಳದ ಆಕಾರವೂ ಚಕ್ರದ ತೂತಿನ ಆಕಾರವೂ ಹೊಂದಬೇಕು. ಶಂಕುವಿನ ತಳ, ಗುಂಡನೆಯ ತಳ, ವಾಷರ್‌ನೊಂದಿಗೆ ಚಪ್ಪಟೆ ತಳ ಎಂಬ ಮೂರು ಬಗೆಗಳಿವೆ. ಥ್ರೆಡ್ ಒಂದೇ ಆಗಿರುವುದರಿಂದ ಯಾವುದು ಎಲ್ಲಿಗೆ ಬೇಕಾದರೂ ಹತ್ತುತ್ತದೆ, ಆದರೆ ಗುಂಡನೆಯ ತೂತಿಗೆ ಶಂಕುವಿನ ನಟ್ ಹಾಕಿದರೆ ಎರಡೂ ಸೇರುವುದು ಒಂದು ಸಣ್ಣ ಗೆರೆಯಲ್ಲಿ ಮಾತ್ರ. ದಿನ ಕಳೆದಂತೆ ತೂತು ಉದ್ದವಾಗುತ್ತದೆ. ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ ಚಕ್ರದಲ್ಲಿ ನಟ್ ಕೂರುವ ಜಾಗದ ಲೇಪವನ್ನು ಕೆರೆದು ತೆಗೆಯಿರಿ. ದಪ್ಪ ಲೇಪ ಒತ್ತಡಕ್ಕೆ ಮೆಲ್ಲನೆ ಹಿಂಡಿಹೋಗಿ ಬಿಗಿ ಸಡಿಲುತ್ತದೆ. ಆ ಲೇಪ ಹಳೆಯ ಬಿರುಕುಗಳನ್ನೂ ಮುಚ್ಚಿಬಿಡುತ್ತದೆಯಾದ್ದರಿಂದ ಪರೀಕ್ಷೆ ಮಾಡಿಸುವುದಿದ್ದರೆ ಅದು ಲೇಪಕ್ಕೂ ಮೊದಲೇ ಆಗಬೇಕು.

ನಟ್‌ಗಳನ್ನು ಮೊದಲು ಬೆರಳಿನಿಂದಲೇ ಕೆಲವು ಸುತ್ತು ಹತ್ತಿಸಿ. ಬೆರಳಿಗೆ ಹತ್ತದ ನಟ್ ಪಾನಾದಿಂದ ಹತ್ತಿತೆಂದರೆ ಥ್ರೆಡ್ ಅಡ್ಡ ಹೋಯಿತೆಂದೇ ತಿಳಿಯಿರಿ. ಎದುರು ಬದುರಾಗಿ ಎರಡು ಸುತ್ತಿನಲ್ಲಿ ಬಿಗಿದು, ಚಕ್ರ ನೆಲ ಮುಟ್ಟಿದ ಮೇಲೆ ಟಾರ್ಕ್ ವ್ರೆಂಚ್‌ನಿಂದ (ಬಿಗಿಯನ್ನು ಅಳೆಯುವ ಪಾನಾ) ಕೈಪಿಡಿಯ ಅಂಕಿಗೆ ತನ್ನಿ. ಆ ಅಂಕಿ ಯಾವ ಮಾನದಲ್ಲಿದೆ ಎಂದು ನೋಡಿ: ಒಂದು ಪೌಂಡ್-ಅಡಿ ಎಂದರೆ ಸುಮಾರು 1.36 ನ್ಯೂಟನ್-ಮೀಟರ್. 80 ನ್ಯೂಟನ್-ಮೀಟರ್ ಎಂದಿದ್ದದ್ದನ್ನು 80 ಪೌಂಡ್-ಅಡಿ ಎಂದು ಓದಿದರೆ ಬಿಗಿ 108 ನ್ಯೂಟನ್-ಮೀಟರ್ ಮುಟ್ಟಿ ಸ್ಟಡ್ ಹಿಗ್ಗುತ್ತದೆ. ಇನ್ನೊಂದು ವಿಷಯ: ಕ್ಲಿಕ್ ಎನ್ನುವ ಅನೇಕ ಟಾರ್ಕ್ ವ್ರೆಂಚ್‌ಗಳು ಪ್ರದಕ್ಷಿಣ ದಿಕ್ಕಿನಲ್ಲಿ ಮಾತ್ರ ಅಳೆಯುತ್ತವೆ. ಎಡ ಥ್ರೆಡ್‌ಗೆ ಅದನ್ನು ಬಳಸಿ ಕ್ಲಿಕ್‌ಗಾಗಿ ಕಾಯುತ್ತಾ ಎಳೆದರೆ ಸ್ಟಡ್ ಮುರಿಯುವವರೆಗೂ ಅದು ಸದ್ದು ಮಾಡುವುದಿಲ್ಲ.

ವೈರ್ ವೀಲ್ ಆದರೆ ಹಲ್ಲುಗಳಿಗೂ ಇಳಿಜಾರುಗಳಿಗೂ ತೆಳ್ಳಗೆ ಗ್ರೀಸ್ ಹಚ್ಚಿ, ಚಕ್ರ ಗಾಳಿಯಲ್ಲಿರುವಾಗ ನಟ್ಟನ್ನು ಕೈಯಿಂದ ತಿರುಗಿಸಿ ಲಘುವಾಗಿ ತಟ್ಟಿ ಕೂರಿಸಿ, ಕೆಳಗಿಳಿಸಿದ ಮೇಲೆ ಕೊನೆಯ ಹೊಡೆತಗಳನ್ನು ಕೊಡಿ. ಯಾವ ಬಗೆಯ ಚಕ್ರವಾದರೂ 50ರಿಂದ 100 ಕಿಲೋಮೀಟರ್ ಓಡಿಸಿದ ನಂತರ ಬಿಗಿಯನ್ನು ಮತ್ತೊಮ್ಮೆ ನೋಡಲೇಬೇಕು.

ಹಾನಿಯಾಗಿದ್ದರೆ

ಅಂಗಡಿಯಿಂದ ಹೊರಡುವ ಮೊದಲೇ ಪ್ರತಿ ಚಕ್ರವನ್ನೂ ನಿಮ್ಮ ಫೋಟೋಗಳೊಂದಿಗೆ ಹೋಲಿಸಿ. ಹೊಸ ಗಾಯ ಕಂಡರೆ ಅಲ್ಲೇ ಫೋಟೋ ತೆಗೆದು, ದನಿ ಏರಿಸದೆ, ಅದೇ ಜಾಬ್ ಕಾರ್ಡಿನಲ್ಲಿ ಅದನ್ನು ಬರೆಸಿ ಸಹಿ ಪಡೆಯಿರಿ. ಅಲ್ಲೇ ಬಡಿದು ಸರಿ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ, ಏಕೆಂದರೆ ಎರಡನೆಯ ಹಾನಿ ಹೆಚ್ಚಾಗಿ ಆಗುವುದು ಹಾಗೆಯೇ. ಮುರಿದ ತುಂಡುಗಳನ್ನು ಕೇಳಿ ಪಡೆಯಿರಿ. ಹಳೆಯ ಚಕ್ರಗಳನ್ನು ದುರಸ್ತಿ ಮಾಡುವ ಬೇರೊಬ್ಬರಿಂದ ಲಿಖಿತ ಅಂದಾಜು ತಂದು ಕೊಟ್ಟರೆ ಪರಿಹಾರದ ಮಾತು ಲೆಕ್ಕದ ಮೇಲೆ ನಡೆಯುತ್ತದೆ. ಕಾರಿಗೆ ವಿಮೆ ಇದ್ದರೆ ಅವರಿಗೂ ತಡಮಾಡದೆ ತಿಳಿಸಿ.

ಯಾವುದು ದುರಸ್ತಿಯಾಗುತ್ತದೆ, ಯಾವುದು ಇಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಬಣ್ಣದ, ಪಾಲಿಶ್‌ನ ಗೀರು ನೋಟದ ವಿಷಯ ಮಾತ್ರ. ಬಾಗಿದ ಉಕ್ಕಿನ ಅಂಚನ್ನು ಕಾಯಿಸದೆ ನಿಧಾನವಾಗಿ ಸರಿಪಡಿಸಬಹುದು. ಮಡಿಕೆಯ ಜಾಗದಲ್ಲಿ ಬಿರುಕಿದ್ದರೆ ಬೇಡ. ಸರಿಪಡಿಸಿದ ಮೇಲೆ ಡಯಲ್ ಗೇಜ್ ಹಿಡಿದು ಚಕ್ರ ತಿರುಗಿಸಿ ಪಕ್ಕದ ಮತ್ತು ಮೇಲಿನ ಓಲಾಟ ಅಳೆಯಿರಿ. ಒಂದು ಮಿಲಿಮೀಟರಿನ ಆಸುಪಾಸು ಇದ್ದರೆ ಒಳ್ಳೆಯದು, ಒಂದೂವರೆ ದಾಟಿದರೆ ಕಾರಣ ಹುಡುಕಬೇಕು. ಅಲಾಯ್ ಚಕ್ರಗಳಲ್ಲಿ ಹಲವು ಶಾಖ ಕೊಟ್ಟು ಹದ ಮಾಡಿದಂಥವು. ಗ್ಯಾಸ್ ಜ್ವಾಲೆ ಹಿಡಿದು ಬಾಗಿಸಿದರೆ ಆ ಹದವೇ ಹೋಗಿ ಲೋಹ ಮೆತ್ತಗಾಗುತ್ತದೆ. ಸ್ಟಡ್ ತೂತು, ಹಬ್, ತೋಳುಗಳಲ್ಲಿ ಬಿರುಕಿರುವ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಿ ಓಡಿಸಬಾರದು, ಅದು ಎಷ್ಟೇ ಅಪರೂಪದ್ದಾಗಿರಲಿ.

ಅನುಮಾನದ ಜಾಗಕ್ಕೆ ಬಣ್ಣದ ದ್ರವದ ಪರೀಕ್ಷೆ ಮಾಡಿಸಿ. ಜಿಡ್ಡು ತೆಗೆದ ಲೋಹಕ್ಕೆ ಕೆಂಪು ದ್ರವ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಒರೆಸಿ, ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿನೊಳಗೆ ಇಳಿದಿದ್ದ ಬಣ್ಣ ಮೇಲೆ ಬಂದು ಕೂದಲೆಳೆಯಷ್ಟು ಸಣ್ಣ ಕೆಂಪು ಗೆರೆಯಾಗಿ ಕಾಣುತ್ತದೆ. ಉದ್ದವಾದ ಸ್ಟಡ್ ತೂತಿರುವ ಚಕ್ರವನ್ನೂ ಕೈಬಿಡುವುದೇ ಲೇಸು. ಮುರಿದ ಸ್ಟಡ್ ಬದಲಿಸುವಾಗ ಅದೇ ಗನ್ನಿನ ಎಳೆತಕ್ಕೆ ಸಿಕ್ಕಿದ ಆ ಚಕ್ರದ ಉಳಿದ ಸ್ಟಡ್‌ಗಳನ್ನೂ ಬದಲಿಸಬೇಕು, ಹೊಸದು ಅದೇ ದಿಕ್ಕಿನ ಥ್ರೆಡ್‌ನದೇ ಎಂದು ಖಚಿತಪಡಿಸಿಕೊಂಡು.

ವೈರ್ ವೀಲ್‌ನ ಕಡ್ಡಿಗಳನ್ನು ಸಣ್ಣ ಪಾನಾದಿಂದ ಒಂದೊಂದಾಗಿ ತಟ್ಟುತ್ತಾ ಬನ್ನಿ. ಬಿಗಿಯಾದದ್ದು ಠಣ್ ಎನ್ನುತ್ತದೆ, ಸಡಿಲವಾದದ್ದು ಅಥವಾ ಮುರಿದದ್ದು ಮಂದವಾಗಿ ಸದ್ದು ಮಾಡುತ್ತದೆ. ಒಂದೆರಡು ಸಡಿಲ ಕಡ್ಡಿಗಳನ್ನು ಸ್ವತಃ ಬಿಗಿದರೆ ರಿಮ್ ಒಂದು ಕಡೆಗೆ ಎಳೆದುಕೊಳ್ಳುತ್ತದೆ, ಆದ್ದರಿಂದ ಟೈರ್ ಬಿಚ್ಚಿ ಚಕ್ರವನ್ನು ಕಡ್ಡಿ ಕಟ್ಟುವವರಿಗೇ ಕೊಡಬೇಕು. ಹಬ್‌ನ ಹಲ್ಲುಗಳನ್ನೂ ಆಗಲೇ ನೋಡಿ. ಅವುಗಳ ತಲೆ ಮೊಂಡಾಗಿರದೆ ಗರಗಸದಂತೆ ಒಂದು ಕಡೆಗೆ ಬಾಗಿ ಚೂಪಾಗಿದ್ದರೆ, ಅಥವಾ ಚಕ್ರ ಎತ್ತಿ ಬ್ರೇಕ್ ಒತ್ತಿ ಹಿಡಿಸಿ ಚಕ್ರವನ್ನು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಎಂಬ ಸದ್ದು ಬಂದರೆ, ಹಬ್ ಮತ್ತು ಚಕ್ರ ಎರಡನ್ನೂ ಒಟ್ಟಿಗೇ ಬದಲಿಸಬೇಕು. ಸವೆದ ಹಬ್‌ನ ಮೇಲೆ ಹೊಸ ಚಕ್ರ ಕೂರಿಸಿದರೆ ಹೊಸದರ ಹಲ್ಲುಗಳೂ ಬಹುಬೇಗ ಅದೇ ಆಕಾರಕ್ಕೆ ಸವೆಯುತ್ತವೆ.